ಬಿಸಿಲಿನಲ್ಲಿ ಪರಿಶೀಲಿಸಿದ ಅಂಟು

ಪುಣೆಯ ಸರ್ಕಾರಿ ಅಂಟು ಸಂಶೋಧನಾಲಯದಲ್ಲಿ, ಸ್ಥಾಪನೆಯಾದಂದಿನಿಂದ 1998ರ ಮಾರ್ಚ್‌ವರೆಗೆ, ಯಾವ ವಸ್ತುವೂ ಇನ್ನೊಂದಕ್ಕೆ ಅಂಟಿದ ದಾಖಲೆ ಇರುವುದಿಲ್ಲ. ಕುರ್ಚಿಗೆ ಅಂಟಿಕೊಂಡವರನ್ನು ಇದರಲ್ಲಿ ಸೇರಿಸಿಲ್ಲ.

ಆ ವರ್ಷ ರೇಣು ಎಂಬ ಹಂಗಾಮಿ ವಿಜ್ಞಾನಿಗೆ, ಬೆಳಕು ಬಿದ್ದರೆ ಗಟ್ಟಿಯಾಗುವ ಅಂಟಿನಿಂದ ಎರಡು ಗಾಜುಗಳನ್ನು ಜೋಡಿಸುವ ಕೆಲಸ ವಹಿಸಲಾಗಿತ್ತು. ಮಾರ್ಚ್ 31ರೊಳಗೆ ಗಾಜು ಅಂಟದಿದ್ದರೆ ನೌಕರಿ ಹೋಗತಕ್ಕದ್ದು ಎಂದು ನೇಮಕಾತಿ ಆದೇಶದಲ್ಲೇ ಇತ್ತು. ಅಂಟು ಕಪ್ಪು ಸೀಸೆಯಲ್ಲಿ, ಮೇಲೆ ಕಪ್ಪು ಕಾಗದ ಸುತ್ತಿಕೊಂಡು ಬರುತ್ತಿತ್ತು. ಬಂದದ್ದು ಮೊದಲು ಉಗ್ರಾಣಕ್ಕೆ. ಅಲ್ಲಿ ಕಾಡಪ್ಪನವರಿದ್ದರು. ವಿಜಾಪುರದ ಕಡೆಯವರು, ಮೂವತ್ತೊಂದು ವರ್ಷದಲ್ಲಿ ಒಂದು ಗುಂಡುಸೂಜಿಯನ್ನೂ ಕಳೆದವರಲ್ಲ. ಅವರೂ ಅದೇ 31ಕ್ಕೆ ನಿವೃತ್ತರಾಗುವವರಿದ್ದರು.

ನಿಯಮ 14(ಕ) ಹೀಗಿದೆ: "ಬಂದ ಪ್ರತಿಯೊಂದು ದ್ರವವನ್ನು ಅಂಗಳದ ಬಿಸಿಲಿನಲ್ಲಿ ಗಾಜಿನ ತಟ್ಟೆಗೆ ಸುರಿದು, ಬಣ್ಣ, ಕಸ ಮತ್ತು ಪ್ರಮಾಣವನ್ನು ಕಣ್ಣಾರೆ ನೋಡತಕ್ಕದ್ದು." ಇದು ಹಾಲಿಗೆ ನೀರು ಬೆರೆಸುತ್ತಿದ್ದ ಕ್ಯಾಂಟೀನಿನವನಿಗಾಗಿ ಮಾಡಿದ ನಿಯಮ. ಕ್ಯಾಂಟೀನು ಮುಚ್ಚಿ ಹನ್ನೆರಡು ವರ್ಷವಾದರೂ ನಿಯಮ ಆರೋಗ್ಯವಾಗಿತ್ತು.

ಕಾಡಪ್ಪನವರು ಸುರಿದರು. ಅಂಟು ಕಣ್ಣೆದುರೇ ಕಲ್ಲಾಯಿತು. "ದ್ರವ ಕೇಳಿದ್ದು, ಘನ ಬಂದಿದೆ. ವಾಪಸ್ಸು" ಎಂದು ಬರೆದರು. ಹೀಗೆ ಆರು ಸೀಸೆ ವಾಪಸ್ಸಾದವು.

ಏಳನೆಯದು ಬಂದದ್ದು ಮಾರ್ಚ್ 30ರಂದು. ರೇಣು ಉಗ್ರಾಣಕ್ಕೇ ಬಂದು ಕೈಮುಗಿದಳು.

"ಕಾಡಪ್ಪನವರ, ತೆರೀಬ್ಯಾಡ್ರಿ. ಬೆಳಕು ಬಿದ್ರ ಗಟ್ಟಿ ಆಗತದ. ಅದಕ್ಕಂತನ ತರಿಸೇವಿ."

"ಗಟ್ಟಿ ಆಗೂದು ನಿಮ್ಮ ಖೋಲ್ಯಾಗ ಆಗಬೇಕ್ರಿ ಬಾಯಾರ," ಎಂದರು ಕಾಡಪ್ಪನವರು. "ನೋಡದ ಹ್ಯಾಂಗ ಸಹಿ ಮಾಡ್ಲಿ?"

ರೇಣುವಿಗೆ ಸಿಟ್ಟು ಬರಲಿಲ್ಲ, ಅಳು ಬಂತು. ಕಾಡಪ್ಪನವರಿಗೂ ಕೆಡುಕೆನಿಸಿತು, ಆದರೂ ಸುರಿದರು. ಅಷ್ಟರಲ್ಲಿ ಗಾಳಿ ಎದ್ದಿತು. ಧೂಳು ಬಿದ್ದರೆ ಕಸದ ಕಾಲಮಿನಲ್ಲಿ ಸುಳ್ಳು ಬರೆಯಬೇಕಾದೀತೆಂದು, ಪಕ್ಕದ ಮೇಜಿನ ಮೇಲಿದ್ದ ಗಾಜೊಂದನ್ನು ಥಟ್ಟನೆ ಎಳೆದು ತಟ್ಟೆಯ ಮೇಲೆ ಮುಚ್ಚಿದರು. ನೋಡುನೋಡುವಷ್ಟರಲ್ಲಿ ಎರಡೂ ಒಂದಾದವು. ಇಬ್ಬರು ಜವಾನರು ಎರಡೂ ಕಡೆಯಿಂದ ಎಳೆದರೂ ಬಿಡಲಿಲ್ಲ.

ನಿರ್ದೇಶಕ ಮೋಹನದಾಸರು ಕಿಟಕಿಯಿಂದ ಇದನ್ನು ಕಂಡರು. ಸಂಜೆಯೊಳಗೆ ಸಭೆ ಸೇರಿ ಪ್ರಕಟಣೆ ಹೊರಬಿತ್ತು:

"ಗಾಜು ಅಂಟಿದ್ದು ಉಗ್ರಾಣದ ಅಂಗಳದಲ್ಲಿ, ಅಂಟಿಸಿದವರು ಶ್ರೀ ಕಾಡಪ್ಪ. ಆದಕಾರಣ ಸದರಿಯವರ ನಿವೃತ್ತಿಯನ್ನು ಮುಂದೂಡಿ, ಎರಡು ವರ್ಷಗಳ ಮಟ್ಟಿಗೆ ವಿಜ್ಞಾನಿಯೆಂದು ನೇಮಿಸಲಾಗಿದೆ. ಪ್ರಯೋಗಾಲಯದಲ್ಲಿ ಏನನ್ನೂ ಅಂಟಿಸದ ಕುಮಾರಿ ರೇಣು ಅವರನ್ನು ತೆರವಾದ ಉಗ್ರಾಣದ ಹುದ್ದೆಗೆ ಕಾಯಂ ಆಗಿ ನೇಮಿಸಲಾಗಿದೆ."

ಕಾಯಂ ಎಂಬ ಪದವನ್ನು ರೇಣು ಮೂರು ಸಲ ಓದಿದಳು. ಮನೆಗೆ ಹೋಗುವಾಗ ಅರ್ಧ ಕಿಲೋ ಪೇಢೆ ಒಯ್ದಳು.

ಏಪ್ರಿಲ್‌ನಲ್ಲಿ ಎಂಟನೆಯ ಸೀಸೆ ಬಂತು. ವಿಜ್ಞಾನಿ ಕಾಡಪ್ಪನವರು ಬಿಳಿ ಕೋಟು ಹಾಕಿಕೊಂಡು ಉಗ್ರಾಣಕ್ಕೆ ಬಂದರು. ತಮ್ಮದೇ ಖೋಲಿಯಲ್ಲಿ ಒಮ್ಮೆ ಅಂಟಿಸಿ ನೋಡಬೇಕೆಂಬ ಆಸೆ ಅವರಿಗೆ ನಿಜವಾಗಿಯೂ ಹುಟ್ಟಿತ್ತು.

"ಬಾಯಾರ, ತೆರೀಬ್ಯಾಡ್ರಿ. ಬೆಳಕು ಬಿದ್ರ ಗಟ್ಟಿ ಆಗತದ."

ರೇಣು ಗಾಜಿನ ತಟ್ಟೆ ಹಿಡಿದು ಆಗಲೇ ಅಂಗಳಕ್ಕೆ ಇಳಿದಿದ್ದಳು. "ಗೊತ್ತದರಿ ಸರ್. ಆದ್ರ ನೋಡದ ಹ್ಯಾಂಗ ಸಹಿ ಮಾಡ್ಲಿ?"

ಕಾಡಪ್ಪನವರ ಮುಖ ಅರಳಿತು. ಉಗ್ರಾಣ ಒಳ್ಳೆಯವರ ಕೈ ಸೇರಿತೆಂದು, ಅವಳು ಸುರಿಯುವಾಗ ಅಲುಗಾಡದಂತೆ ತಟ್ಟೆಯನ್ನು ತಾವೇ ಹಿಡಿದುಕೊಂಡರು.