ಮಸ್ಕತ್ತಿಗೆ ಹೊರಟ ಕೌದಿ

ಇಷ್ಟೆಲ್ಲ ರಾಮಾಯಣ ಆದದ್ದು ಒಂದು ಕೌದಿಯಿಂದ.

ಹಳೆಯ ಸೀರೆ, ಅಂಗಿಗಳ ತುಂಡುಗಳನ್ನು ಪದರು ಪದರಾಗಿ ಹೊಲಿದ ಕೌದಿ. ಮನೋಳಿಯ ಟೆಂಪೋ ಡ್ರೈವರ್ ಮುಸ್ತಕೀಮನಿಗೆ ಅದಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ಮೂವತ್ತು ದಾಟಿದ ಗಂಡಸು, ಹುರಿಮೀಸೆ ಬೇರೆ; ಕೌದಿ ಇಲ್ಲವೆಂದರೆ ಎಳೆಗೂಸಿನಂತೆ ಹೊರಳಾಡುತ್ತಿದ್ದ. ಅವನು ಸಾಲೆಗೆ ಹೋಗುವಾಗ ತಾಯಿ ಖತಿಜಾಬಿ ಹೊಲಿದದ್ದು ಅದು. ನಟ್ಟನಡುವೆ ತೀರಿಹೋದ ಅಪ್ಪ ರಸೂಲಸಾಬನ ಚೌಕಡಿ ಲುಂಗಿಯ ತುಂಡಿತ್ತು. ಅದು ಗಲ್ಲಕ್ಕೆ ತಾಗಿದರೇ ಅವನ ಕಣ್ಣು ಮುಚ್ಚುತ್ತಿದ್ದವು. ಒಮ್ಮೆ ಬೈಲಹೊಂಗಲದ ಮದುವೆಗೆ ಕೌದಿ ಮರೆತು ಹೋದವನು ರಾತ್ರಿಯಿಡೀ ಅಡಿಗೆಯವರ ಜೊತೆ ಉಳ್ಳಾಗಡ್ಡಿ ಹೆಚ್ಚುತ್ತ ಕೂತಿದ್ದ.

ಈಗ ಮಸ್ಕತ್ತಿನಲ್ಲಿ ಡ್ರೈವರ್ ಕೆಲಸ ಸಿಕ್ಕಿತ್ತು. ಎರಡು ವರ್ಷದ ಕರಾರು. ಸಂಜೆ ಗೋವಾದಿಂದ ವಿಮಾನ. ಒಯ್ಯಬಹುದಾದ ಸಾಮಾನು ಮೂವತ್ತು ಕಿಲೋ, ಒಂದು ಗುಂಜಿಯೂ ಹೆಚ್ಚಿಲ್ಲ. ಬೆಳಗ್ಗೆ ಎದ್ದವನೇ ಮುಸ್ತಕೀಮ ಚೀಲದ ತಳಕ್ಕೆ ಕೌದಿ ಇಟ್ಟು, ಮೇಲೆ ಬಟ್ಟೆ ಜೋಡಿಸಿದ. ಅಷ್ಟರಲ್ಲಿ ಎದುರುಮನೆಯ ಶಟ್ಟೆವ್ವ ಬಂದಳು. ಅವಳ ಮಗ ಆಕಾಶ ಮಸ್ಕತ್ತಿನಲ್ಲಿ ವಾಯರಿಂಗ್ ಕೆಲಸ ಮಾಡುತ್ತಿದ್ದ.

“ತಮ್ಮಾ, ನಮ್ಮ ಆಕಾಶಗ ಒಂದೀಟು ಗುರೆಳ್ಳ ಚಟ್ನಿ,” ಎಂದು ಪೊಟ್ಟಣ ಕೊಟ್ಟಳು. ಅದರ ಹಿಂದೆಯೇ ಸೆರಗಿನ ಮರೆಯಿಂದ ಒಂದು ಕಬ್ಬಿಣದ ಕುಟ್ಟಾಣಿ ಹೊರಗೆ ಬಂತು.

“ದೊಡ್ಡವ್ವ, ಇದ್ಯಾಕ? ಅಲ್ಲಿ ಮಿಕ್ಸರ್ ಸಿಗತಾವಲ್ಲ!”

“ಮಿಕ್ಸರಿನ್ಯಾಗ ಅರದದ್ದು ನನ್ನ ಮಗ ಬಾಯಾಗ ಇಡಂಗಿಲ್ಲೋ ಯಪ್ಪಾ.”

‘ಒಲ್ಲೆ’ ಎನ್ನುವ ಮಾತು ಮುಸ್ತಕೀಮನ ನಾಲಿಗೆಗೆ ಹುಟ್ಟಿದಾಗಿನಿಂದ ಹತ್ತಿರಲಿಲ್ಲ. ತಾಯಿಯ ಮುಖ ನೋಡಿದ. ಆಕೆ, “ಇಟ್ಕೊಳ್ಳೋ. ಪಾಪ, ಅವರ ಹುಡುಗೂರು ಅಲ್ಲಿ ದಾರಿ ನೋಡ್ತಿರತಾವು,” ಎಂದಳು.

ಶಟ್ಟೆವ್ವನದು ಒಯ್ಯುತ್ತಾನೆ ಎಂಬ ಸುದ್ದಿ ಓಣಿಯ ತುದಿ ಮುಟ್ಟಲು ಒಂದು ಚಹಾ ಕುದಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ಮಸ್ಕತ್ತಿನಲ್ಲಿ ಮಗನೋ ಅಳಿಯನೋ ಇದ್ದವರೆಲ್ಲ ಸಾಲುಹಿಡಿದು ಬಂದರು. ಕಡಕ್ ರೊಟ್ಟಿ, ಸಂಡಿಗೆ, ಕರದಂಟು, ಗಾಜಿನ ಭರಣಿಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿ. ಚೀಲ ತುಂಬು ಬಸುರಿಯಂತಾಯಿತು. ನಾಲ್ವರು ಸೇರಿ ಅದನ್ನು ಕೈಗಾಡಿಯ ಮೇಲೆ ಹೇರಿ, ಕಾಳಿನ ವ್ಯಾಪಾರಿ ವೀರಪ್ಪನ ಅಂಗಡಿಯ ತಕ್ಕಡಿಗೆ ಒಯ್ದರು.

“ಮೂವತ್ತೇಳು!” ವೀರಪ್ಪ ಸಾರಿದ. “ಏನರೆ ತಗೀಬೇಕ್ರೆಪಾ.”

ಅಂಗಡಿಯ ಮುಂದೆಯೇ ಪಂಚಾಯಿತಿ ಕೂತಿತು. ರೊಟ್ಟಿ ತೆಗೆಯಬೇಕೆಂದರೆ ರೊಟ್ಟಿಯವರು ಬಿಡಲಿಲ್ಲ, ಉಪ್ಪಿನಕಾಯಿ ಎಂದರೆ ಉಪ್ಪಿನಕಾಯಿಯವರು ಕಣ್ಣೀರು ತೆಗೆದರು. ಅಳುವವರು ಯಾರೂ ಇಲ್ಲದ್ದು ಮುಸ್ತಕೀಮನ ಸಾಮಾನಿಗೆ ಮಾತ್ರ.

“ಅಲ್ಲಿ ಕಂಪನಿಯವರು ಯೂನಿಫಾರ್ಮ್ ಕೊಡತಾರ. ಇವಂಗ ಪ್ಯಾಂಟ್ ಯಾಕ?” ಎಂದಳು ಶಟ್ಟೆವ್ವ. ಪ್ಯಾಂಟು ಹೊರಬಂದವು. ಅಂಗಿಗಳು ಬಂದವು. ಬೂಟು ಬಂದವು. ಆದರೂ ಮೂವತ್ತೆರಡೂವರೆ ಇತ್ತು. ವೀರಪ್ಪ ತಳಕ್ಕೆ ಕೈಹಾಕಿ ಎಳೆದ. ಕೌದಿ ಬಂತು.

ಎಲ್ಲರೂ ಗೊಳ್ಳೆಂದು ನಕ್ಕರು. “ಏ ಮುಸ್ತಕೀಮ, ಒಲಿಯಾಗ ಕುಂಡ್ರಾಕ ಹೊಂಟಾವ ಹೊಚಗೊಳ್ಳಾಕ ಕೌದಿ ತಗೊಂಡು ಹೋಗ್ತಾನೇನೋ?” ಎಂದ ವೀರಪ್ಪ.

ಇದಿಲ್ಲದಿದ್ದರೆ ನನಗೆ ನಿದ್ದೆ ಬರುವುದಿಲ್ಲ ಎಂದು ಅಷ್ಟು ಜನರೆದುರು, ಅದೂ ಮೀಸೆ ಹೊತ್ತುಕೊಂಡು, ಹೇಗೆ ಹೇಳುವುದು? “ಚೀಲದ ತಳಕ್ಕ ಮೆತ್ತಗಿರಲಿ ಅಂತ ಹಾಸಿದ್ನಿ, ಕಾಕಾರ,” ಎಂದುಬಿಟ್ಟ.

“ಹಂಗಾರ ತಗದ್ರ ಅಡ್ಡಿಯಿಲ್ಲ,” ಎಂದಳು ಖತಿಜಾಬಿ, ನಿಷ್ಕಪಟವಾಗಿ.

ಕೌದಿ ತೆಗೆದ ಮೇಲೆ ಅರ್ಧ ಕಿಲೋ ಜಾಗ ಉಳಿಯಿತು. ಅದನ್ನು ಸುಮ್ಮನೆ ಏಕೆ ಬಿಡಬೇಕೆಂದು ವೀರಪ್ಪ ತನ್ನ ಅಣ್ಣನ ಮಗನಿಗಾಗಿ ಬೆಲ್ಲದ ಉಂಡೆ ತುರುಕಿದ. ಈಗ ಚೀಲದಲ್ಲಿ ಮುಸ್ತಕೀಮನದೆಂದು ಉಳಿದದ್ದು ಹೊರಗೆ ಬರೆದ ಹೆಸರೊಂದೇ. ಕೌದಿಯನ್ನು ತಬ್ಬಿಕೊಂಡು ಮನೆಗೆ ನಡೆಯುವಾಗ ಅವನಿಗೆ ನಿಜವಾಗಿಯೂ ಅಳು ಬಂದಿತ್ತು.

ದಾರಿಯಲ್ಲಿ ಕೈ ಹಿಡಿದವನು ಗೆಳೆಯ ರಫೀಕ್. ಸೌದಿಗೆ ಹೋಗಿ ಮೂರೇ ತಿಂಗಳಿಗೆ ವಾಪಸು ಬಂದಿದ್ದ ಅವನು ಅಂದಿನಿಂದ ಓಣಿಗೆ ವಿದೇಶಾಂಗ ಮಂತ್ರಿ. ಗೋವಾಕ್ಕೆ ಬಿಡಲು ಜೀಪು ಓಡಿಸುವವನೂ ಅವನೇ.

“ಅಳಬ್ಯಾಡ್ಲೇ. ಚೀಲ ತೂಕ ಮಾಡತಾರ, ಮನಶಾನ್ನ ತೂಕ ಮಾಡಂಗಿಲ್ಲ. ಅರಿವಿ ಎಲ್ಲಾ ಮೈಮ್ಯಾಲೆ ಹಾಕ್ಕೊ, ಮ್ಯಾಲೆ ಕೌದಿ ಹೊಚಗೊ. ಯಾಕಂತ ಯಾರರೆ ಕೇಳಿದ್ರ ಜ್ವರ ಬಂದೈತಿ ಅನ್ನು. ಜ್ವರ ಬಂದಾವಗ ಯಾರು ಏನ ಅಂತಾರ?”

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತಾಯಿತು. ಮೇ ತಿಂಗಳ ಬಿಸಿಲಿನಲ್ಲಿ ಮುಸ್ತಕೀಮ ಎರಡು ಪ್ಯಾಂಟು, ನಾಲ್ಕು ಅಂಗಿ ಏರಿಸಿ, ಕೌದಿ ಹೊದ್ದು ಜೀಪಿನಲ್ಲಿ ಕೂತ. ಘಟ್ಟ ಇಳಿಯುವಷ್ಟರಲ್ಲಿ ಬೆವರು ಮೊದಲ ಅಂಗಿಯಿಂದ ನಾಲ್ಕನೆಯದಕ್ಕೆ ಬಂದಿತ್ತು.

ವಿಮಾನ ನಿಲ್ದಾಣದಲ್ಲಿ ಸಾಲಹಳ್ಳಿಯ ಗೌರೀಶ ಕಾಯುತ್ತಿದ್ದ. ಅದೇ ಕಂಪನಿಗೆ ಹೊರಟವನು, ಇಬ್ಬರ ಟಿಕೆಟ್ಟನ್ನೂ ಒಟ್ಟಿಗೇ ತೆಗೆಸಿದ್ದರು. ತಾಯಿ ಇಲ್ಲದ ಹುಡುಗ. ಕಟ್ಟಿಕೊಡುವವರು ಯಾರೂ ಇಲ್ಲದೆ ಒಂದು ಸಣ್ಣ ಕೈಚೀಲ ಮಾತ್ರ ತಂದಿದ್ದ. ನಾಲ್ಕು ಅಂಗಿಯೊಳಗೆ ಮುಸ್ತಕೀಮನಿಗೆ ಸೊಂಟ ಬಗ್ಗುತ್ತಿರಲಿಲ್ಲವಾದ್ದರಿಂದ ದೊಡ್ಡ ಚೀಲವನ್ನು ಗೌರೀಶನೇ ಎತ್ತಿಟ್ಟು, ತನ್ನ ಹೆಸರಿಗೇ ಹಾಕಿಸಿದ. ಚೀಲ ಪಟ್ಟಿಯ ಮೇಲೆ ಸರಿದು ಒಳಗೆ ಹೋಯಿತು.

“ಅಣ್ಣಾ, ಈ ಸೆಕಿಯಾಗ ಕೌದಿ ಯಾಕೋ ಹೊಚಗೊಂಡಿ? ಚೀಲ ನನ್ನ ಹೆಸರಿಗೆ ಹೋತು, ನಿನ್ನ ಮೂವತ್ತು ಕಿಲೋ ಹಂಗ ಖಾಲಿ ಅದಾವಲ್ಲ,” ಎಂದ ಗೌರೀಶ.

ಮುಸ್ತಕೀಮನಿಗೆ ಕೇಳಿದ್ದನ್ನು ನಂಬಲಾಗಲಿಲ್ಲ. ಗಡಿಬಿಡಿಯಿಂದ ಕೌದಿ ಬಿಚ್ಚಲು ಹೋದ. ಕಣ್ಣಿಗೆ ಕತ್ತಲೆ ಬಂದು ಜೋಲಿ ಹೊಡೆದ. ಕೌಂಟರಿನ ಹುಡುಗಿ ಗಾಬರಿಯಿಂದ ಏನಾಯಿತೆಂದು ಕೇಳಿದಳು. ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದ ಮಾತು ತಾನಾಗಿಯೇ ಹೊರಬಂತು.

“ಜ್ವರಾ ಬಂದೈತ್ರಿ.”

ಡಾಕ್ಟರರು ಬಂದರು. ಹಣೆ ಮುಟ್ಟಿದರೆ ಕಾದ ಹೆಂಚು. ಎದೆಗೆ ನಳಿಗೆ ಇಡಬೇಕೆಂದರೆ ಎದೆ ಸಿಗಲೊಲ್ಲದು. ಉಳ್ಳಾಗಡ್ಡಿ ಸುಲಿದಂತೆ ಒಂದೊಂದೇ ಅಂಗಿ ಬಿಚ್ಚಿದರು. “ಜ್ವರಾ ಇಲ್ರೀ ಸಾಹೇಬ್ರ, ಸುಳ್ಳ ಹೇಳಿದ್ನಿ! ಕೌದಿ ಇಲ್ಲಂದ್ರ ನನಗ ನಿದ್ದಿ ಬರಂಗಿಲ್ರಿ!” ಎಂದು ಮುಸ್ತಕೀಮ ಕೈಮುಗಿದ. ಜೀವಮಾನದಲ್ಲಿ ಮೊದಲ ಸಲ ಹೇಳಿದ ಆ ನಿಜವನ್ನು ಕೇಳಿ ಡಾಕ್ಟರರು ಜ್ವರ ತಲೆಗೇರಿ ಬಡಬಡಿಸುತ್ತಿದ್ದಾನೆ ಎಂದು ತೀರ್ಮಾನಿಸಿದರು. ಇಂದು ವಿಮಾನ ಹತ್ತುವಂತಿಲ್ಲ ಎಂದಾಯಿತು. ಗೌರೀಶ ಹೋದ, ಚೀಲ ಹೋಯಿತು. ಕೌದಿ ಮತ್ತು ಮುಸ್ತಕೀಮ ರಫೀಕನ ಜೀಪಿನಲ್ಲಿ ಮನೋಳಿಗೆ ಮರಳಿದರು.

ಮರುದಿನ ಓಣಿಯಲ್ಲಿ ಬೈಗುಳ ಕಾದಿರುತ್ತದೆಂದು ಹೆದರಿದ್ದರೆ, ಎಲ್ಲರ ಮುಖದಲ್ಲೂ ಹಬ್ಬದ ಕಳೆ. ಮಸ್ಕತ್ತಿನ ನಿಲ್ದಾಣಕ್ಕೇ ಬಂದು ಕಾದಿದ್ದವರಿಗೆ ಗೌರೀಶ ಒಂದೂ ತಪ್ಪದೆ ಪೊಟ್ಟಣಗಳನ್ನು ಮುಟ್ಟಿಸಿದ್ದ. ಆಕಾಶ ವಿಡಿಯೋದಲ್ಲಿ ಕುಟ್ಟಾಣಿಯನ್ನು ಕುಟ್ಟಿ ತೋರಿಸಿದ್ದ. ಅಷ್ಟರಲ್ಲಿ ಕೆಲಸ ಕೊಡಿಸಿದ ಏಜೆಂಟನ ಫೋನು ಬಂತು: ಟಿಕೆಟ್ ಬರುವ ಶುಕ್ರವಾರಕ್ಕೆ ಬದಲಾಗಿದೆ.

“ಅಂದ್ರ ಮತ್ತ ಮೂವತ್ತು ಕಿಲೋ ಐತಿ?” ಎಂದಳು ಶಟ್ಟೆವ್ವ. ಅವಳ ಕೈಯಲ್ಲಿ ಆಗಲೇ ಹಪ್ಪಳದ ಗಂಟಿತ್ತು.

ಅವಳನ್ನು ತಡೆದವಳು ಖತಿಜಾಬಿ. “ತಡೀರಿ. ಈ ಸಲ ಮೊದಲ ಇದು,” ಎಂದು ಕೌದಿಯನ್ನು ನೀಟಾಗಿ ಮಡಚಿ, ಚೌಕಡಿ ಲುಂಗಿಯ ತುಂಡು ಮೇಲೆ ಬರುವಂತೆ ಹೊಸ ಚೀಲದ ತಳಕ್ಕಿಟ್ಟಳು. “ಇದಕ್ಕ ಯಾರೂ ಕೈ ಹಚ್ಚಬ್ಯಾಡ್ರಿ. ತೂಕ ಎಷ್ಟರೆ ಆಗಲಿ.”

ಮುಸ್ತಕೀಮ ತಾಯಿಯ ಹತ್ತಿರ ಸರಿದ. ಕಡೆಗೂ ಹೆತ್ತ ಕರುಳಿಗೆ ತಿಳಿಯಿತಲ್ಲ! “ಅಮ್ಮಾ, ನಿನಗ ಹೆಂಗ ಗೊತ್ತಾತು?”

“ಗೌರೀಶಂದು ಫೋನ್ ಬಂದಿತ್ತು. ಅಲ್ಲಿ ಖೋಲ್ಯಾಗ ಏಸಿ ಹಚ್ಚಿ ಮಂಜಗಡ್ಡಿ ಮಾಡಿಟ್ಟಾರಂತ. ಪಾಪ, ಚಳಿಗಿ ಕಣ್ಣ ಮುಚ್ಚಿಲ್ಲ ಹುಡುಗ. ಕೌದಿ ಹೊಲದು ಕೊಡಾಕ ತಾಯಿ ಐತೇನು ಅದಕ್ಕ? ನೀ ಅಂತೂ ಇದನ್ನ ಸುಮ್ನ ಚೀಲದ ತಳಕ್ಕ ಹಾಸಿದ್ದಿ. ಅವಂಗ ಕೊಟ್ಟಬಿಡು.”

ಓಣಿಯವರೆಲ್ಲ ಹೌದು ಹೌದೆಂದರು. ವೀರಪ್ಪ ಕಣ್ಣೊರೆಸಿಕೊಂಡು, ಕೌದಿಯ ತೂಕ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ತಾನೇ ವಿಮಾನದ ಒಡೆಯನಂತೆ ಹೇಳಿಬಿಟ್ಟ.

ಮುಸ್ತಕೀಮ ಬಾಯಿ ತೆರೆದ. ‘ಒಲ್ಲೆ’ ತುಟಿಯವರೆಗೂ ಬಂತು. “ಹೂಂ ಅಮ್ಮಾ,” ಎಂದ.

ಜನ ಚದುರಿದ ಮೇಲೆ ಮೆಲ್ಲಗೆ ಚೀಲದಿಂದ ಕೌದಿ ಎಳೆದುಕೊಂಡು, ಸುಡುವ ಮಧ್ಯಾಹ್ನದಲ್ಲೇ ತಲೆತುಂಬ ಹೊದ್ದು ಮಲಗಿದ. ಶುಕ್ರವಾರದೊಳಗೆ ಎರಡು ವರ್ಷದ ನಿದ್ದೆ ಮುಗಿಸಬೇಕಿತ್ತು.