ಅಂಗಳ ನೋಡುವ ಮಾಸ್ತರು

ಪರರ ಮನೆಯಂಗಳವನ್ನು ದಿನಾ ಬೆಳಗ್ಗೆ ದಿಟ್ಟಿಸಿ ನೋಡಿಯೂ ಕಸಬರಿಗೆಯ ಒಂದೇ ಒಂದು ಏಟು ತಿನ್ನದ ಗಂಡಸು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಒಬ್ಬರೇ: ಹೊಸಪೇಟೆಯ ನಮ್ಮ ಎದುರುಮನೆಯ ಡ್ರಾಯಿಂಗ್ ಮಾಸ್ತರು! ನಾನು ಒಂದು ದಿನ ಹಾಗೆ ನೋಡಿದ್ದರೆ? ಬೇಡ ಬಿಡಿ, ಆ ಮಾತು.

ಆ ಬೇಸಿಗೆ ಊರಿಗೆ ವಾಂತಿಭೇದಿ ಬಂದಿತ್ತು. ಮನೆಯಾಕೆ ಹಾಸಿಗೆ ಹಿಡಿದರೆ, ಇಲ್ಲವೆ ರೋಗಿಯ ಆರೈಕೆಗೆ ನಿಂತರೆ, ಅಂಗಳಕ್ಕೆ ರಂಗೋಲಿ ಬೀಳುವುದಿಲ್ಲ. ಮಾಸ್ತರು ಓಣಿ ಓಣಿ ಸುತ್ತಿ ರಂಗೋಲಿ ಇಲ್ಲದ ಮನೆ ಹುಡುಕುತ್ತಿದ್ದರು. ಬಾಗಿಲು ತಟ್ಟಿ ವಿಚಾರಿಸಿ, ಬೇನೆ ಖಾತ್ರಿಯಾದರೆ ಮಾತ್ರ ತಾವೇ ಬರೆದ ಊರಿನ ನಕ್ಷೆಯಲ್ಲಿ ಒಂದು ಕೆಂಪು ಚುಕ್ಕೆ ಇಡುತ್ತಿದ್ದರು. ಒಂದು ಮನೆಯ ಸೊಸೆ, "ಬ್ಯಾನಿ ಯಾರಿಗೂ ಇಲ್ರಿ, ರಂಗೋಲಿ ಯಾರು ಹಾಕಬೇಕಂತ ಅತ್ತಿಗೂ ನನಗೂ ಜಗಳ ನಡದೈತಿ," ಎಂದಳಂತೆ. ಮಾಸ್ತರು ಅದನ್ನೂ ಬಿಡಲಿಲ್ಲ, ನೀಲಿ ಚುಕ್ಕೆ ಇಟ್ಟರು!

ನನ್ನ ಹೊಟ್ಟೆ ಉರಿಯಿತೇ? ಉರಿಯದೆ ಏನು! ಊರಿಗೆಲ್ಲ ಅರ್ಜಿ ಬರೆದುಕೊಡುವವನು ನಾನು. ಹಿಂದಿನ ವರ್ಷವೇ ಪುರಜನರ ಆರೋಗ್ಯ ಕುರಿತು ಮುನಿಸಿಪಾಲಿಟಿಗೆ ಹದಿನೆಂಟು ಪುಟದ ಅರ್ಜಿ ಬರೆದಿದ್ದೆ. ಪುಟಕ್ಕೆ ನಾಲ್ಕು ಅಲಂಕಾರ! ಅಧ್ಯಕ್ಷರು "ಭಾಳ ಚಲೋ ಬರದೀರಿ" ಎಂದು ಹೊಗಳಿ, ಅದರಿಂದಲೇ ಗಾಳಿ ಬೀಸಿಕೊಂಡರು. ಮನೆಯಲ್ಲಾದರೂ ಮರ್ಯಾದೆಯುಂಟೇ? "ನಿಮ್ಮ ಅರ್ಜಿ ಕೇಳಿದ್ರ ನಿದ್ದಿ ಬರ್ತೈತಿ. ಮಾಸ್ತರ ನಕ್ಷಾ ನೋಡಿದ್ರ ನಿದ್ದಿ ಹಾರ್ತೈತಿ," ಎಂದಳು ನನ್ನ ಹೆಂಡತಿ.

ಮುನಿಸಿಪಾಲಿಟಿಯ ಸಭೆ ಕೂತಿತು. ರೋಗ ಓಡಿಸಲು ಊರತುಂಬ ಗಂಧಕದ ಹೊಗೆ ಹಾಕಿಸುವುದೆಂದು ಹೆಚ್ಚುಕಡಿಮೆ ನಿಶ್ಚಯವಾಗಿತ್ತು. ನಕ್ಷೆ ಹಿಡಿದು ಬರಲಿದ್ದ ಮಾಸ್ತರು ಸೋಲುವುದನ್ನು ಕಣ್ಣಾರೆ ನೋಡಲಿಕ್ಕೇ ನಾನು ಹೋಗಿದ್ದೆ. ಅವರು ಮೇಜಿನ ಮೇಲೆ ನಕ್ಷೆ ಹಾಸಿದರು. ಕೆಂಪು ಚುಕ್ಕೆಗಳೆಲ್ಲ ಅಕ್ಕಿ ಗಿರಣಿಯ ಹಿಂದಿನ ಬಾವಿಯ ಸುತ್ತ ಮುತ್ತಿಕೊಂಡಿದ್ದವು.

"ಹೊಗಿ ಬ್ಯಾಡ್ರಿ. ಈ ಬಾವಿ ಮುಚ್ಚಸ್ರಿ," ಎಂದರು.

"ಏನ್ ಮಾತಾಡ್ತೀರಿ ಮಾಸ್ತರ? ಆ ನೀರಂದ್ರ ಅಮೃತ!" ಎಂದರು ಅಧ್ಯಕ್ಷರು.

"ಹೌದ್ರಿ. ಅದಕ್ಕ ಕುಡದವ್ರೆಲ್ಲ ಸ್ವರ್ಗಕ್ಕ ಹೊಂಟಾರ."

ಯಾರೂ ನಗಲಿಲ್ಲ. ಅಧ್ಯಕ್ಷರು ಚುಕ್ಕೆಗಳ ನಡುವೆ ತಮ್ಮ ಮಗಳ ಮನೆ ಎಲ್ಲಿದೆಯೆಂದು ಬೆರಳಿಟ್ಟು ಹುಡುಕುತ್ತಿದ್ದರು. ಸಂಜೆಯೊಳಗೆ ಬಾವಿಯ ಮೇಲೆ ಹಲಗೆ ಬಿತ್ತು. ನನ್ನ ಹದಿನೆಂಟು ಪುಟಕ್ಕೆ ಆಗದ್ದು ಒಂದು ಹಾಳೆಗೆ ಆಗಿಹೋಯಿತು!

ಮನೆಗೆ ಬರುವಾಗ ತಡೆಯಲಾರದೆ ಕುಟುಕಿದೆ: "ಇಂಥಾ ಹಿಕ್ಮತ್ತು ಎಲ್ಲಿ ಕಲತ್ರಿ ಮಾಸ್ತರ?"

"ಹೋದ ವರ್ಷ ನಮ್ಮಾಕಿ ಇದ ಬ್ಯಾನಿಯೊಳಗ ಮಲಗಿದ್ಲಲ್ರಿ," ಎಂದರು. "ತೀರಿಕೊಳ್ಳೂ ಮುಂದ ಮೂರು ದಿನ ನಮ್ಮ ಅಂಗಳದಾಗ ರಂಗೋಲಿ ಇರಲಿಲ್ಲ. ಯಾಕಂತ ಒಬ್ರಾದ್ರೂ ಬಂದು ಕೇಳಿದ್ರ, ಅವ್ರನ್ನ ಡಾಕ್ಟರನ್ನ ಕರಿಯಾಕ ಕಳಸ್ತಿದ್ದೆ. ಆಕಿನ್ನ ಒಬ್ಬಾಕಿನ್ನ ಬಿಟ್ಟು ನಾ ಹೆಂಗ ಹೋಗ್ಲಿ?"

ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಆದರೆ ಆ ಮೂರು ದಿನ? ಅವರ ಅಂಗಳಕ್ಕೆ ಎದುರಾಗಿರುವ ಕಿಟಕಿಯಲ್ಲೇ ಕೂತು ನಾನು ಪುರಜನರ ಆರೋಗ್ಯದ ಅರ್ಜಿ ಬರೆಯುತ್ತಿದ್ದೆ.

"ನಾಳೆ ಮತ್ತ ಸುತ್ತಬೇಕ್ರಿ," ಎಂದರು ಮಾಸ್ತರು. "ಬಾವಿ ಮುಚ್ಚಿದ ಮ್ಯಾಲೆ ಕಡಿಮಿ ಆತೋ ಇಲ್ಲೋ ನೋಡಬೇಕಲ್ಲ?"

"ನಾನೂ ಬರ್ತೀನ್ರಿ ಮಾಸ್ತರ."

ಅವರು ನನ್ನ ಮುಖ ನೋಡಿದರು. ಜೇಬಿನಿಂದ ಪೆನ್ಸಿಲು ತೆಗೆದು, ಎರಡಾಗಿ ಮುರಿದು, ಚೂಪು ಇದ್ದ ತುಂಡನ್ನು ನನ್ನ ಕೈಗಿಟ್ಟರು.