ಹಲ್ಲಣ್ಣನ ಹಾರಾಟ

ಹಲ್ಲಣ್ಣನ ಕಷ್ಟಕ್ಕೆಲ್ಲ ಮೂಲ ಒಂದು ಸೋಪಿನ ಚೂರು. ದೂರದ ಊರಿನಲ್ಲಿ ಅವನ ಅಮ್ಮ ತನ್ನ ಹಲ್ಲುಸೆಟ್ಟಿಗೆ ಸೋಪು ಹಾಕಿ ತೊಳೆಯುತ್ತಿದ್ದಾಗ ಸೆಟ್ಟು ಕೈಯಿಂದ ಜಾರಿ, ಬೇಸಿನ್ನಿಗೆ ಬಡಿದು ಎರಡು ಹೋಳಾಯಿತು. ಅಂದಿನಿಂದ ಆಕೆ ಬಾಯಿಗೆ ಕೈ ಅಡ್ಡ ಹಿಡಿದೇ ಮಾತಾಡುತ್ತಿದ್ದಳು. ಫೋನಿನಲ್ಲಿ, ಮುಖ ಕಾಣದಿದ್ದಾಗಲೂ.

ಹಲ್ಲಣ್ಣ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮೇಣ, ಪ್ಲಾಸ್ಟರುಗಳ ನಡುವೆ ಕೂತು ಹಲ್ಲುಸೆಟ್ ತಯಾರಿಸುವ ಅವನಿಗೆ ಜೊತೆಯವರು ಕಟ್ಟಿದ ಹೆಸರು. ಕ್ಲಿನಿಕ್ಕಿದ್ದ ಊರಿನ ಅರ್ಧ ಮುದುಕರು ಅವನು ಮಾಡಿಕೊಟ್ಟ ಹಲ್ಲಿನಿಂದಲೇ ಅವನನ್ನು ಬೈಯುತ್ತಿದ್ದರು.

ಕಳೆದ ರಜೆಯಲ್ಲಿ ಹೋಗಿ ಅಮ್ಮನ ದವಡೆಯ ಅಚ್ಚು ತೆಗೆದುಕೊಂಡು ಬಂದಿದ್ದ. ಅಮ್ಮ ಒಂದೇ ಒಂದು ಷರತ್ತು ಹಾಕಿದ್ದಳು: "ಮೇಲಿನ ಎಡಗಡೆ ಕೋರೆಹಲ್ಲು ವಾರೆ ಇರ್ಲಿ ಕಣೋ, ನನ್ನ ಸ್ವಂತದ್ದು ಇದ್ದ ಹಾಗೆ. ನೆಟ್ಟಗೆ ಮಾಡ್ಬೇಡ. ಕನ್ನಡೀಲಿ ಬೇರೆ ಯಾರೋ ಬಂದು ಕೂತ ಹಾಗಾಗುತ್ತೆ."

ಸೆಟ್ ತಯಾರಾಗಿ ಬಹಳ ದಿನವಾಗಿತ್ತು. ಕೊರಿಯರ್‌ನಲ್ಲಿ ಕಳಿಸು ಎಂದು ಅಕ್ಕ ಹೇಳಿದರೆ ಇವನು ಕೇಳುತ್ತಿರಲಿಲ್ಲ. "ಹಲ್ಲೇನು ಚಪ್ಪಲೀನಾ ಅಕ್ಕ? ಬಾಯಲ್ಲಿ ಕೂರಿಸಿ, ಕಚ್ಚಿಸಿ, ಎಲ್ಲಿ ಒತ್ತುತ್ತೆ ನೋಡಿ ಉಜ್ಜಬೇಕು. ನಾನೇ ತರ್ತೀನಿ." ತರುವುದೆಂದರೆ ಎರಡು ರಾತ್ರಿಯ ರೈಲು. ಅಷ್ಟು ರಜೆ ಸಿಗಲಿಲ್ಲ. ವಿಮಾನವಾದರೆ ಊಟದ ಹೊತ್ತಿಗೆ ಹತ್ತಿ ಕಾಫಿಯ ಹೊತ್ತಿಗೆ ಇಳಿಯಬಹುದಿತ್ತು. ಆದರೆ ಹಲ್ಲಣ್ಣ ಬಲ್ಬು ಬದಲಿಸಲು ಸ್ಟೂಲು ಹತ್ತುವುದಕ್ಕೂ ಕ್ಲಿನಿಕ್ಕಿನ ಆಯಾಳನ್ನು ಕರೆಯುವ ಆಸಾಮಿ. ಕ್ಯಾಲೆಂಡರಿನಲ್ಲಿ ವಿಮಾನದ ಚಿತ್ರ ಬಂದರೆ ಆ ತಿಂಗಳಿಡೀ ಅದನ್ನು ಗೋಡೆಯ ಕಡೆ ತಿರುಗಿಸಿ ತೂಗುಹಾಕುತ್ತಿದ್ದ.

ಆ ದಿನ ಬೆಳಿಗ್ಗೆ ಕ್ಲಿನಿಕ್ಕಿನ ಫೋನು ರಿಂಗಾಯಿತು. ಎತ್ತಿದವಳು ಕೌಂಟರಿನ ಹುಡುಗಿ. ಯಾರ ದನಿಯನ್ನಾದರೂ ಹಾಗೆಯೇ ಅನುಕರಿಸುತ್ತಿದ್ದ ಅವಳಿಗೆ 'ರೇಡಿಯೋ' ಎಂದು ಹೆಸರಿಟ್ಟಿದ್ದವನು ಹಲ್ಲಣ್ಣನೇ. ಅವಳು ಫೋನಿಗೆ ಬಹಳ ಹೊತ್ತು ಬರೀ "ಹೂಂ" ಎಂದಳು. ರೇಡಿಯೋ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ಆಮೇಲೆ ಡಾಕ್ಟರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ತೆರೆದಾಗ ಡಾಕ್ಟರು, ರೇಡಿಯೋ, ನೆಲ ಒರೆಸುವ ಆಯಾ, ಮೂವರೂ ಒಟ್ಟಿಗೆ ಹಿಂದಿನ ಕೋಣೆಗೆ ಬಂದು ನಿಂತರು.

"ನಿಮ್ಮ ಅಕ್ಕ ಫೋನ್ ಮಾಡಿದ್ರು," ಎಂದಳು ರೇಡಿಯೋ. "ಅಮ್ಮಂಗೆ ತುಂಬಾ ಹುಷಾರಿಲ್ವಂತೆ. ಇವತ್ತೇ ಹಲ್ಲು ತಗೊಂಡು ಬರ್ಬೇಕಂತೆ."

ಹಲ್ಲಣ್ಣ ಪ್ಲಾಸ್ಟರು ಮೆತ್ತಿದ ಕೈಯನ್ನು ಅಂಗಿಗೆ ಒರೆಸಿದ. "ಸಂಜೆ ರೈಲಿಗೆ ಹೊರಡ್ತೀನಿ."

"ರೈಲು ಆಗಲ್ಲ," ಎಂದರು ಡಾಕ್ಟರು. "ಮಧ್ಯಾಹ್ನದ ವಿಮಾನಕ್ಕೆ ಟಿಕೆಟ್ ಮಾಡಿಸಿಬಿಟ್ಟೆ."

ಒಂದು ಪೊಟ್ಟಣ ಹತ್ತಿಗೂ ಲೆಕ್ಕ ಕೇಳುವ ಡಾಕ್ಟರು ಟಿಕೆಟ್ ತೆಗೆದಿದ್ದಾರೆಂದರೆ ತನ್ನನ್ನು ಗೋಳುಹೊಯ್ದುಕೊಳ್ಳಲು ಎಲ್ಲರೂ ಸೇರಿ ಹೂಡಿದ ಆಟ ಎಂದೇ ಹಲ್ಲಣ್ಣ ಮೊದಲು ನಂಬಿದ. ಅಕ್ಕನಿಗೆ ಫೋನು ಮಾಡಿದ. "ಅಮ್ಮಂಗೆ ಫೋನ್ ಕೊಡು."

"ಈಗ ಮಾತಾಡೋಕಾಗಲ್ಲ ಕಣೋ," ಎಂದಳು ಅಕ್ಕ. "ನೀನು ವಿಮಾನದಲ್ಲಿ ಬಾ ಅಷ್ಟೆ. ಈ ಒಂದ್ಸಲ. ನನ್ನ ಮೇಲಾಣೆ." ದನಿ ಶೀತ ಹಿಡಿದಂತಿತ್ತು.

ಹಲ್ಲಣ್ಣ ಸೆಟ್ಟನ್ನು ಅದರ ಡಬ್ಬಿಗೆ ಹಾಕಿದ. ಡಬ್ಬಿ ಹಿಡಿದ ಕೈ ಎಷ್ಟು ನಡುಗುತ್ತಿತ್ತೆಂದರೆ ಒಳಗಿನ ಹಲ್ಲುಗಳು ಕಟಕಟ ಎಂದವು. ಅವನ ಹೆದರಿಕೆಗೆ ಅಮ್ಮನ ಹಲ್ಲೂ ಕಡಿಯತೊಡಗಿತ್ತು.

"ಅಭ್ಯಾಸ ಮಾಡಿಸೋಣ," ಎಂದರು ಡಾಕ್ಟರು. ರೋಗಿಗಳ ಕುರ್ಚಿಯಲ್ಲಿ ಅವನನ್ನು ಕೂರಿಸಿದರು. ಆಯಾ ತನ್ನ ಏಪ್ರನ್ನನ್ನೇ ಬಿಗಿದು ಸೀಟ್‌ಬೆಲ್ಟ್ ಕಟ್ಟಿದಳು. ಡಾಕ್ಟರು ಕಾಲಿನ ಪೆಡಲು ಒತ್ತಿದರು. ಕುರ್ಚಿ ಗುಂಯ್ ಎಂದು ಮೇಲೇರಿ ಹಿಂದಕ್ಕೆ ಒರಗಿತು.

"ನಮಸ್ಕಾರ, ನಾನು ನಿಮ್ಮ ಕ್ಯಾಪ್ಟನ್," ಎಂದಳು ರೇಡಿಯೋ, ಮೂಗು ಹಿಡಿದುಕೊಂಡು, ಗಂಡು ದನಿಯಲ್ಲಿ. "ಹೊರಗೆ ಹವಾಮಾನ ಹಿತವಾಗಿದೆ. ಹಲ್ಲಣ್ಣನವರು ಕಣ್ಣು ಮುಚ್ಚಿಕೊಂಡಿರುವುದರಿಂದ ಅವರಿಗೆ ಕಾಣಿಸುತ್ತಿಲ್ಲ."

"ಮೋಡ ಬಂತು!" ಎಂದು ಡಾಕ್ಟರು ಪೆಡಲನ್ನು ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿದರು. ಕುರ್ಚಿ ಬಿಕ್ಕಳಿಸಿತು. ಹಲ್ಲಣ್ಣ ಆಯಾಳ ಕೈಯನ್ನು ಪೊರಕೆ ಹಿಡಿದಂತೆ ಹಿಡಿದ.

"ಹೆದರ್ಬೇಡಪ್ಪ, ಜ್ಯೂಸ್ ಬೇಕಾ?" ಎಂದಳು ಆಯಾ ಗಗನಸಖಿಯಾಗಿ, ಬಾಯಿ ಮುಕ್ಕಳಿಸುವ ಲೋಟ ಕೊಟ್ಟು. ಅವಳ ಕಣ್ಣಲ್ಲಿ ನೀರಿತ್ತು. ನಗು ತಡೆಯಲಾರದೆ ಬಂದ ನೀರೆಂದು ಹಲ್ಲಣ್ಣನಿಗೆ ರೇಗಿತು.

ಕುರ್ಚಿ ಕೆಳಗಿಳಿಯಿತು. ಕ್ಯಾಪ್ಟನ್ ಮುಂದುವರಿಸಿದಳು: "ನಾವೀಗ ನಿಮ್ಮ ಊರಲ್ಲಿ ಇಳಿದಿದ್ದೇವೆ. ಬೆಲ್ಟು ಬಿಚ್ಚಬಹುದು. ಹೊರಗೆ ನಿಮ್ಮ..." ಎಂದು ನಿಲ್ಲಿಸಿಬಿಟ್ಟಳು.

"ಮುಂದೆ ಹೇಳಮ್ಮ. ನಮ್ಮ ಏನು?"

"ಹೊರಗೆ ನಿಮ್ಮ ಅಮ್ಮ ಕಾಯ್ತಾ ಇದ್ದಾರೆ," ಎಂದಳು. ಗಂಡು ದನಿ ಅರ್ಧಕ್ಕೇ ಹೆಣ್ಣು ದನಿಯಾಗಿಬಿಟ್ಟಿತ್ತು.

"ನೋಡಿ ಸಾರ್, ಕ್ಯಾಪ್ಟನ್‌ಗೇ ಗಂಟಲು ಕಟ್ತು. ಇಂಥವರ ವಿಮಾನ ಹತ್ತಿದ ಹಾಗೇ!" ಎಂದು ಹಲ್ಲಣ್ಣ ನಕ್ಕ. ಬೇರೆ ಯಾರೂ ನಗಲಿಲ್ಲ.

ಹೊರಡುವಾಗ ಡಾಕ್ಟರು ಹೆದರುವ ರೋಗಿಗಳಿಗೆ ಕೊಡುವ ಮಾತ್ರೆ ನುಂಗಿಸಿದರು. ಆಯಾ ಕಿವಿಗೆ ತುರುಕಿಕೊಳ್ಳಲು ಹಲ್ಲಿನ ಹತ್ತಿಯುಂಡೆಗಳನ್ನು ಕೊಟ್ಟಳು. "ಸದ್ದು ಕೇಳಿದ್ರೆ ತಾನೇ ಭಯ?"

ವಿಮಾನದಲ್ಲಿ ಹಲ್ಲಣ್ಣನ ಪಕ್ಕ ಕೂತವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಕಾರಿನಲ್ಲಿ ತನ್ನ ಕಾಲ ಕೆಳಗೂ ಒಂದು ಬ್ರೇಕ್ ಇಟ್ಟುಕೊಂಡು ವರ್ಷಗಟ್ಟಲೆ ಅಭ್ಯಾಸವಾಗಿದ್ದ ಮನುಷ್ಯ. ವಿಮಾನ ನೆಲ ಬಿಟ್ಟದ್ದೇ ಬಲಗಾಲಿನಿಂದ ನೆಲವನ್ನು ತುಳಿಯತೊಡಗಿದ.

"ಏನು ಮಾಡ್ತಿದ್ದೀರಾ?" ಎಂದು ಹಲ್ಲಣ್ಣ ಒಂದು ಕಿವಿಯ ಹತ್ತಿ ತೆಗೆದು ಕೇಳಿದ.

"ಬ್ರೇಕ್ ಹುಡುಕ್ತಿದ್ದೀನಿ ಸ್ವಾಮಿ. ಮುಂದೆ ಕೂತಿರೋನು ಹಾರ್ನೂ ಮಾಡ್ತಿಲ್ಲ, ಇಂಡಿಕೇಟರೂ ಹಾಕ್ತಿಲ್ಲ."

ಹಲ್ಲಣ್ಣ ಹತ್ತಿಯನ್ನು ಮತ್ತೆ ತುರುಕಿಕೊಂಡ. ಮಾತ್ರೆ ಏನೂ ಮಾಡುತ್ತಿರಲಿಲ್ಲ. ಕಿಟಕಿಯ ಹೊರಗೆ ಮೋಡ ಕಪ್ಪಾಗುತ್ತಾ ಬಂತು. ಇದ್ದಕ್ಕಿದ್ದಂತೆ ವಿಮಾನ, ಕಾಲಡಿಯ ಮೆಟ್ಟಿಲು ತಪ್ಪಿದವರಂತೆ, ಧಡಕ್ಕನೆ ಕೆಳಗಿಳಿಯಿತು. ಮತ್ತೆ ಏರಿತು, ಎಡಕ್ಕೆ ವಾಲಿತು. ಡಾಕ್ಟರು ಪೆಡಲು ಒತ್ತಿದ್ದು ಇದರ ಮುಂದೆ ತೊಟ್ಟಿಲು ತೂಗಿದಂತಿತ್ತು. ಮೇಷ್ಟ್ರು ಎರಡೂ ಕಾಲಿನಿಂದ ಬ್ರೇಕ್ ಹಾಕಿದ. ಯಾರೋ ಅತ್ತರು.

ಹಲ್ಲಣ್ಣ ಜೇಬಿನಿಂದ ಡಬ್ಬಿ ತೆಗೆದು ಎದೆಗೆ ಅವುಚಿಕೊಂಡ. ಮುಂದಿನ ಕುಲುಕಿಗೆ ಮುಚ್ಚಳ ಹಾರಿತು. ಅಮ್ಮನ ಹಲ್ಲು ಹೊರಬಿದ್ದು, ಸೀಟುಗಳ ನಡುವಿನ ಓಣಿಯಲ್ಲಿ ಜಾರುತ್ತಾ ಹಿಂದಕ್ಕೆ ಹೊರಟಿತು.

ಬಲ್ಬು ಬದಲಿಸಲು ಸ್ಟೂಲು ಹತ್ತದ ಹಲ್ಲಣ್ಣ ಆಗ ಬೆಲ್ಟು ಕಿತ್ತೆಸೆದು, ಗಾಳಿಯಲ್ಲಿ ಹೊಯ್ದಾಡುತ್ತಿದ್ದ ವಿಮಾನದ ನೆಲಕ್ಕೆ ಬಿದ್ದು ತೆವಳಿದ. ಗಗನಸಖಿ ತನ್ನ ಸೀಟಿನಿಂದಲೇ ಕೂಗಿದಳು. ಹತ್ತಿಯೊಳಗೆ ಅದು ಕೇಳಿಸಲಿಲ್ಲ. ಒಬ್ಬರ ಬೂಟು, ಇನ್ನೊಬ್ಬರ ಚೀಲ, ಯಾರದೋ ಕಾಲ್ಬೆರಳು ಎಲ್ಲ ತಡಕಾಡಿದ. "ಅಮ್ಮಂದು, ಅಮ್ಮಂದು" ಎನ್ನುತ್ತಲೇ ಹೋದ.

ಕೊನೆಯ ಸಾಲಿನಲ್ಲಿ ಒಬ್ಬ ಬೊಚ್ಚುಬಾಯಿಯ ಅಜ್ಜ ಸೆಟ್ಟನ್ನು ಎತ್ತಿ ಹಿಡಿದಿದ್ದ. "ನಂದು! ನಂದು ಬಿತ್ತು!"

"ಅಜ್ಜಾ, ಹಾಕ್ಕೋಬೇಡಿ!" ಎಂದು ಹಲ್ಲಣ್ಣ ಅವನ ಮೊಣಕಾಲು ಹಿಡಿದ. "ನಿಮ್ಮದು ನಿಮ್ಮ ಜೇಬಲ್ಲೇ ಉಬ್ಬಿದೆ, ನೋಡ್ಕೊಳಿ."

ಅಜ್ಜ ಜೇಬು ಮುಟ್ಟಿ ನೋಡಿಕೊಂಡ. ಆಮೇಲೆ ಕೈಯಲ್ಲಿದ್ದುದನ್ನು ಕಣ್ಣಿಗೆ ಹತ್ತಿರ ಹಿಡಿದ. "ಹೌದಲ್ಲ, ಇದರ ಕೋರೆಹಲ್ಲು ವಾರೆ. ಯಾವನಯ್ಯ ಇದನ್ನ ಮಾಡಿದ್ದು?"

ಬಾಯಿಯ ಅಲುಗಾಟ ನೋಡಿಯೇ ಹಲ್ಲಣ್ಣನಿಗೆ ಪ್ರಶ್ನೆ ಅರ್ಥವಾಯಿತು. "ನಾನೇ. ಅಮ್ಮಂಗೆ. ಹಾಗೇ ಬೇಕು ಅಂದಿದ್ದಾಳೆ."

ಅಜ್ಜ ಸೆಟ್ಟನ್ನು ತನ್ನ ಕರವಸ್ತ್ರದಿಂದ ನಿಧಾನವಾಗಿ ಒರೆಸಿ, ಹಲ್ಲಣ್ಣನ ಕೈಗಿಟ್ಟು, ಅವನ ಕಿವಿಯ ಹತ್ತಿಯನ್ನು ತಾನೇ ಎಳೆದು ಹೇಳಿದ: "ಚೆನ್ನಾಗಿ ನಗ್ತಾಳೆ ಅಲ್ವಾ, ನಿಮ್ಮಮ್ಮ?"

"ಹೂಂ," ಎಂದ ಹಲ್ಲಣ್ಣ. ಬಹಳ ದಿನದಿಂದ ಅವಳು ನಕ್ಕದ್ದನ್ನು ತಾನು ನೋಡಿಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಗಗನಸಖಿ ಅವನನ್ನು ತಂದು ಸೀಟಿಗೆ ಕಟ್ಟಿದಳು. ಡಾಕ್ಟರ ಮಾತ್ರೆ, ಎಲ್ಲ ಮುಗಿದ ಮೇಲೆ ಬರುವ ನೆಂಟರಂತೆ, ಆಗ ಬಂದು ಕೆಲಸ ಶುರುಮಾಡಿತು. ಹತ್ತಿ ಕಿವಿಗೆ ಮರಳಿತು. ಕ್ಯಾಪ್ಟನ್ ಏನೇನೋ ಹೇಳಿದ. ಜನ ಗೊಣಗಿದರು. ಹಲ್ಲಣ್ಣ ಡಬ್ಬಿಯ ಮೇಲೆ ಗದ್ದ ಊರಿ ನಿದ್ದೆಹೋಗಿದ್ದ.

ಚಕ್ರ ನೆಲಕ್ಕೆ ತಾಗಿದಾಗ ಎಚ್ಚರವಾಯಿತು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು. "ಬ್ರೇಕ್ ಹಿಡೀತು!" ಎಂದು ಮೇಷ್ಟ್ರು ಅವನನ್ನು ತಬ್ಬಿಕೊಂಡ.

ಹಲ್ಲಣ್ಣ ಎದೆ ಸೆಟೆಸಿ ಇಳಿದ. ಅವನಿಗೆ ಇನ್ನು ಯಾವ ಆಕಾಶದ ಭಯವೂ ಇರಲಿಲ್ಲ. ನಡೆಯುತ್ತಲೇ ಫೋನು ಮಾಡಿದ. "ಅಕ್ಕಾ, ಇಳಿದೆ! ಅಮ್ಮಂಗೆ ಹೇಳು, ಹಲ್ಲು ಬಂತು ಅಂತ!"

ಅತ್ತಲಿಂದ ಅಕ್ಕ ಫೋನು ಇಟ್ಟುಬಿಟ್ಟಳು.

ಹೊರಬಾಗಿಲಲ್ಲಿ ಸರಳಿಗೆ ಆತು ಮೂವರು ನಿಂತಿದ್ದರು. ಡಾಕ್ಟರು, ರೇಡಿಯೋ, ಆಯಾ. ಹಲ್ಲಣ್ಣನ ಮನಸ್ಸು ಕರಗಿತು. ಎಂಥ ಜನ! "ಅಯ್ಯೋ, ನೀವೂ ಬಂದ್ರಾ? ಯಾವ ವಿಮಾನದಲ್ಲಿ? ನನಗಿಂತ ಮುಂಚೆ ಹೇಗೆ ಮುಟ್ಟಿದ್ರಿ?"

ಆಯಾ ಜೋರಾಗಿ ಅತ್ತುಬಿಟ್ಟಳು.

"ನೀನೇ ವಾಪಸ್ ಬಂದಿದ್ದೀಯ ಕಣಯ್ಯ," ಎಂದರು ಡಾಕ್ಟರು. "ಅಲ್ಲಿ ಬಿರುಗಾಳಿ, ಇಳಿಸೋಕೆ ಆಗ್ಲಿಲ್ವಂತೆ. ಟಿಕೆಟ್ ನನ್ನ ಫೋನಿಂದ ತಾನೇ ಮಾಡಿದ್ದು, ನನಗೆ ಮೆಸೇಜ್ ಬಂತು."

ಹಲ್ಲಣ್ಣ ಸುತ್ತ ನೋಡಿದ. ಮಧ್ಯಾಹ್ನ ಹೊರಡುವಾಗ ಆತು ನಿಂತಿದ್ದ ಕಂಬ ಅಲ್ಲೇ ಇತ್ತು. ಅದರ ಬುಡದಲ್ಲಿ ಅವನೇ ಕುಡಿದಿಟ್ಟ ಕಾಗದದ ಲೋಟವೂ ಇತ್ತು.

"ಹಾಗಾದ್ರೆ ಇನ್ನೊಂದು ವಿಮಾನ ಹತ್ತಿಸಿ ಸಾರ್! ಈಗ್ಲೇ! ನನಗೇನೂ ಭಯ ಇಲ್ಲ. ಅಮ್ಮ ಕಾಯ್ತಾ ಇರ್ತಾಳೆ. ನಾನು ಹೋಗೋಷ್ಟರಲ್ಲಿ ಏನಾದ್ರೂ ಆದ್ರೆ?"

ದಿನವಿಡೀ ಬೇರೆಯವರಿಗೆ ಬಾಯಿ ತೆರೆಯಿರಿ ಎನ್ನುವ ಡಾಕ್ಟರಿಗೆ ತಮ್ಮ ಬಾಯಿ ತೆರೆಯಲಾಗಲಿಲ್ಲ. ರೇಡಿಯೋ ಹೇಳಿದಳು. ಯಾರ ದನಿಯನ್ನೂ ಅನುಕರಿಸದೆ, ತನ್ನದೇ ದನಿಯಲ್ಲಿ.

"ಅಣ್ಣಾ, ಅಮ್ಮ ಬೆಳಿಗ್ಗೇನೇ ಹೋಗ್ಬಿಟ್ರು. ಅಕ್ಕ ಫೋನ್ ಮಾಡೋಕೆ ಮುಂಚೇನೇ. ಅಮ್ಮ ಇದ್ದಾಳೆ ಅಂದ್ರೆ ಮಾತ್ರ ಅವನು ವಿಮಾನ ಹತ್ತೋದು, ಇಲ್ಲ ಅಂದ್ರೆ ಯಾವ ಧೈರ್ಯದಲ್ಲಿ ಹತ್ತುತ್ತಾನೆ ಅಂತ ಅಕ್ಕ ಅಂದ್ರು. ಅದಕ್ಕೇ ನಾವು..."

ಹಲ್ಲಣ್ಣ ಡಬ್ಬಿಯನ್ನು ತೆರೆದು ನೋಡಿದ. ವಾರೆ ಹಲ್ಲಿಗೆ ಏನೂ ಆಗಿರಲಿಲ್ಲ. ಫೋನು ರಿಂಗಾಯಿತು. ಅಕ್ಕ.

"ನಾಳೆ ತನಕ ಕಾಯ್ತೀವಿ ಕಣೋ," ಎಂದಳು. "ಬಾಯಿ ಮೇಲೆ ಕರವಸ್ತ್ರ ಹಾಕಿದ್ದೀನಿ. ಹಲ್ಲಿಲ್ದೆ ನನ್ನ ಮುಖ ಯಾರಿಗೂ ತೋರಿಸ್ಬೇಡ ಅಂದಿದ್ಲು ಅಮ್ಮ. ಕೊರಿಯರ್ ಅಂತೂ ಆಗಲ್ಲ ಅಲ್ವಾ?"

"ಇಲ್ಲ ಅಕ್ಕ. ಕೂರಿಸಿ ನೋಡ್ಬೇಕು."

ಬೆಳಗಿನ ವಿಮಾನಕ್ಕೆ ಡಾಕ್ಟರು ಮತ್ತೆ ಟಿಕೆಟ್ ಮಾಡಿಸಿದರು. ಅಷ್ಟರಲ್ಲಿ ಡಬ್ಬಿಯೊಳಗಿನ ಹಲ್ಲು ಮತ್ತೆ ಕಟಕಟ ಎನ್ನತೊಡಗಿತ್ತು. ಆಕಾಶ ಮತ್ತೆ ಮೊದಲಿನಷ್ಟೇ ಎತ್ತರದಲ್ಲಿತ್ತು.

ಕ್ಲಿನಿಕ್ಕಿಗೆ ಬಂದವನು ಯಾರೂ ಹೇಳದೆಯೇ ರೋಗಿಗಳ ಕುರ್ಚಿ ಏರಿ, ಡಬ್ಬಿಯನ್ನು ಎದೆಯ ಮೇಲಿಟ್ಟುಕೊಂಡು ಒರಗಿದ. ಆಯಾ ಏಪ್ರನ್ ಬಿಗಿದಳು. ಡಾಕ್ಟರು ಪೆಡಲಿನ ಮೇಲೆ ಕಾಲಿಟ್ಟರು.

"ಕ್ಯಾಪ್ಟನ್," ಎಂದ ಹಲ್ಲಣ್ಣ, ಕಣ್ಣು ಮುಚ್ಚಿ. "ಬೆಳಿಗ್ಗೆ ಹೇಳಿದ್ದೆಲ್ಲ ಇನ್ನೊಂದ್ಸಲ ಹೇಳಮ್ಮ. ಕೊನೇ ಮಾತೊಂದು ಬಿಟ್ಟು."